ಎಡಗಾಲು

ಬೆಚ್ಚಗಿನ ಹರಳೆಣ್ಣೆಯನ್ನು ಲಾಸ್ಯಳ ಎಡ ಮೀನಖಂಡದ ಮೇಲೆ ಸುರಿದು, ಸೋದರತ್ತೆ ಚಾಮುಂಡಮ್ಮ ಎರಡೂ ಹೆಬ್ಬೆರಳುಗಳನ್ನು ಊರಿದಳು.

“ಅಲ್ಲಾಡ್ಬ್ಯಾಡ ಕಣಮ್ಮ. ಗಟ್ಟಿಯಾಗಿ ತಿಕ್ಕಿದ್ರೇನೇ ಇಳಿಯೋದು.”

ಆಷಾಢದ ಶುಕ್ರವಾರ ಬೆಟ್ಟದ ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಸಿನ ಕುಂಕುಮ ಹಚ್ಚಿದವರ ಕಾಲು ನೋಯದಿದ್ದರೆ ಅದು ಹರಕೆಯೇ ಅಲ್ಲವೆಂಬುದು ಕೆಸರೆಯ ಆ ಬೀದಿಯ ನಂಬಿಕೆ. ಲಾಸ್ಯಳೂ ಹಚ್ಚಿ ಬಂದಿದ್ದಳು. ಐದನೆಯ ದಿನಕ್ಕೆ ಬಲಗಾಲು ನೋವನ್ನು ಮರೆತಿತ್ತು; ಎಡಗಾಲು ಮಾತ್ರ ಊದಿ, ಕಾದು, ಹೊಲಿಗೆ ಯಂತ್ರವನ್ನು ತುಳಿಯಲೂ ಒಲ್ಲೆನ್ನುತ್ತಿತ್ತು. ತನ್ನೊಳಗಿನ ಹೆಣ್ಣಿಗೆ ಒಪ್ಪುವ ಮೈಗಾಗಿ ಅವಳು ಹಾರ್ಮೋನ್ ಮಾತ್ರೆ ಆರಂಭಿಸಿದ ದಿನ ಡಾಕ್ಟರ್ ಪವಿತ್ರ ಎಚ್ಚರಿಸಿದ್ದರು: ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು, ಒಂದೇ ಕಾಲು ಊದಿದರೆ ತಡಮಾಡದೆ ಬನ್ನಿ.

ಅಣ್ಣ ರವಿಚಂದ್ರ ಅವಳ ಹೊಲಿಗೆಯಂಗಡಿಯ ಗಿರಾಕಿಗಳ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಮೂರು ವರ್ಷ ಈ ಹೊಸ್ತಿಲು ತುಳಿಯದವನು, ಕಾಲು ಊದಿದೆಯೆಂದು ಕೇಳಿದ್ದೇ ಮದುವೆಯೂಟಕ್ಕೆ ಹೊರಟವನಂತೆ ಬಂದಿದ್ದ.

“ದೇವ್ರು ಮಾಡಿದ್ದನ್ನ ತಿದ್ದಕ್ಕೋದ್ರೆ ಇಂಗೇ ಕಣ್ಲೋ ಆಗೋದು. ಆ ಮಾತ್ರೆ ಬುಟ್ಬುಡು.”

“ನೀನು ಸಕ್ಕರೆಗೆ ಮೂರು, ಬೀಪಿಗೆ ಒಂದು ನುಂಗ್ತೀಯಲ್ಲಣ್ಣ. ದೇವ್ರು ಕೊಟ್ಟ ಸಕ್ಕರೇನ ನೀನ್ಯಾಕೆ ತಿದ್ತೀಯ? ತಲೆಗೆ ಬಳ್ಕೊಂಡಿರೋ ಕರಿ ಬಣ್ಣಾನೂ ಅವನದೇನಾ?”

ಚಾಮುಂಡಮ್ಮ ಕಿಸಕ್ಕನೆ ನಕ್ಕಳು. “ಮೆಟ್ಲು ನೋವು ಕಣ್ಲಾ ಇದು, ಸುಮ್ಕಿರು.”

ಅಣ್ಣನ ಮೇಲಿನ ಲಾಸ್ಯಳ ತಿರಸ್ಕಾರ ಹಳೆಯದು. ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟಂಥದು. ಊತ ಮಾತ್ರೆಯಿಂದ ಎಂದರೆ ಅವನು ಗೆಲ್ಲುತ್ತಾನೆ. ಡಾಕ್ಟರು ಮಾತ್ರೆ ನಿಲ್ಲಿಸುತ್ತಾರೆ; ಎರಡು ವರ್ಷಗಳಿಂದ ಇಷ್ಟಿಷ್ಟೇ ತನ್ನದಾಗುತ್ತ ಬಂದ ಮೈ ಮತ್ತೆ ಪರರದಾಗುತ್ತದೆ. ಅದಕ್ಕೇ ಐದು ದಿನ ಮೆಟ್ಟಿಲುಗಳ ಮೇಲೆ ಸುಳ್ಳು ಹೊರಿಸಿದ್ದಳು. ಇಂಥವನೆದುರು ಸೋಲಬಾರದೆಂದು ಸಾಯಲು ಹೊರಟವಳ ಬುದ್ಧಿ ಇವನದಕ್ಕಿಂತ ಯಾವುದರಲ್ಲಿ ಮೇಲು?

ಹೆಬ್ಬೆರಳುಗಳು ಮತ್ತೆ ಕೆಳಗಿಳಿದವು. ಹೆಪ್ಪಿದ್ದರೆ ತಿಕ್ಕಬಾರದು, ಕಿತ್ತುಬಂದು ಶ್ವಾಸಕೋಶಕ್ಕೆ ಹೋದೀತು ಎಂದೂ ಡಾಕ್ಟರು ಹೇಳಿದ್ದರು.

“ಅತ್ತೆ, ಕೈ ತೆಗಿ. ಮೆಟ್ಲಲ್ಲ. ಮಾತ್ರೆ.”

ರವಿಚಂದ್ರನ ಮುಖ ಅರಳಿತು. “ನಾ ಹೇಳ್ಲಿಲ್ವಾ—”

“ಹೇಳ್ದೆ. ಗೆದ್ದೆ. ಈಗ ಆಟೋ ಕರಿ.”

ಯಾದವಗಿರಿಯ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಗೂ ಅವನು ನುಗ್ಗಿದ. “ನೋಡಿ ಡಾಕ್ಟ್ರೇ, ಇವನಿಗೆ ನಾನು ಎಷ್ಟು ಸಲ—”

“ಇವರಿಗೆ,” ಎಂದರು ಪವಿತ್ರ. “ನೀವು ಹೊರಗಿರಿ.” ಬಾಗಿಲು ಮುಚ್ಚಿದ ಮೇಲೆ ಲಾಸ್ಯಳತ್ತ ತಿರುಗಿದರು. “ದಿನಕ್ಕೆಷ್ಟು ತಗೋತಿದ್ರಿ?”

“ನೀವು ಬರ್ದಿದ್ದು ಎರಡು. ನಾನು ನುಂಗಿದ್ದು ನಾಲ್ಕು. ಮೂರು ತಿಂಗ್ಳಾಯ್ತು.”

“ಬೇಗ ಆಗ್ಲಿ ಅಂತ?”

“ಹೂಂ.”

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಹೆಪ್ಪಿದ್ರೆ ಮಾತ್ರೆ ಇವತ್ತೇ ನಿಲ್ಲುತ್ತೆ. ಅದು ಕರಗಿದ ಮೇಲೆ ಚರ್ಮಕ್ಕೆ ಹಚ್ಚೋ ಔಷಧಿ ಆಗುತ್ತಾ ನೋಡೋಣ. ಈಗ್ಲೇ ಮಾತು ಕೊಡಲ್ಲ.”

ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಮೊದಲು ಬಲ ಮಂಡಿಯ ಹಿಂದೆ ಉಪಕರಣವನ್ನು ಒತ್ತಿದಳು. ಪರದೆಯ ಬೂದು ಮಂಜಿನಲ್ಲಿ ಹೆಪ್ಪಿಲ್ಲದ ರಕ್ತನಾಳವೊಂದು ರೆಪ್ಪೆಯಂತೆ ಮುಚ್ಚಿ, ಕೈ ಸಡಿಲಿಸಿದೊಡನೆ ತೆರೆಯಿತು. ಆಮೇಲೆ ಎಡಗಡೆ ಒತ್ತಿದಳು. ಇನ್ನೊಮ್ಮೆ, ತುಸು ಜೋರಾಗಿ, ಒತ್ತಿದಳು.

ಆ ಕಪ್ಪು ಕಣ್ಣು ಮುಚ್ಚಲಿಲ್ಲ. ಲಾಸ್ಯ ಅದನ್ನೇ ದಿಟ್ಟಿಸುತ್ತ ಮಲಗಿದಳು.