ಸಿಗದ ಮೊನೆ

ನೆಲ ಏನು ತಣ್ಣಗಿದೆಯಮ್ಮ ಅಂತ ಬೆಂಚಿನ ಮೇಲಿನ ಅಜ್ಜಿ ಕಾಲು ಮೇಲೆಳೆದುಕೊಳ್ಳುತ್ತಾಳೆ, ತಣ್ಣಗಿದೆಯಾ, ನನಗೇನೂ ಅನ್ನಿಸುತ್ತಿಲ್ಲ, ಅನ್ನಿಸದಿದ್ದರೆ ಒಳ್ಳೆಯದೇ ಅಲ್ಲವಾ, ಮೊದಲು ಈ ಪಾದ ಹೇಗೆ ಉರಿಯುತ್ತಿತ್ತು — ಒದ್ದೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆ, ಸಕ್ಕರೆ ಕಾಯಿಲೆಗೆ ಪಾದ ಉರಿಯುತ್ತದೆ ಅಂತ ಇದೇ ಆಸ್ಪತ್ರೆಯಲ್ಲಿ ಹೇಳಿದ್ದರು, ಹಾಗಾದರೆ ಉರಿ ನಿಂತಿತೆಂದರೆ ಸಕ್ಕರೆ ಇಳಿಯಿತು ಅಂತ ತಾನೇ, ಅದಕ್ಕೇ ಮಾತ್ರೆ ಮುರಿದು ಅರ್ಧ ನುಂಗತೊಡಗಿದೆ, ಗಟ್ಟಿಗಿತ್ತಿ ಕಣೇ ನೀನು ಅಂತ ಅತ್ತೆಯೂ ಮೆಚ್ಚಿಕೊಂಡರು, ಕಕ್ಕಸಿಗೆ ಓಡುವುದು ಮಾತ್ರ ತಪ್ಪಿರಲಿಲ್ಲ, ಹೊಟ್ಟೆಯೊಳಗೆ ನಲ್ಲಿ ಇಟ್ಟುಕೊಂಡಿದ್ದೀಯೇನಮ್ಮ ಅನ್ನುತ್ತಾನೆ ಗಾರ್ಮೆಂಟ್ಸಿನ ಸೂಪರ್‌ವೈಸರು, ಹೊಲಿಯುವ ಹೆಂಗಸರೆಲ್ಲ ನಗುತ್ತಾರೆ, ನಾನೂ ನಕ್ಕೆ, ನಕ್ಕು ನೀರು ಕುಡಿಯುವುದನ್ನೇ ಬಿಟ್ಟೆ. ಪೆಡಲು ಬರಿಗಾಲಿಗೆ ಸಿಕ್ಕರೇನೇ ಹಿಡಿತ, ಚಪ್ಪಲಿ ಎಲ್ಲರೂ ಬಿಡುತ್ತೇವೆ, ಈಚೆಗೆ ನಾನು ಮಾತ್ರ ಬಗ್ಗಿ ಬಗ್ಗಿ ಕಾಲೆಲ್ಲಿದೆ ಅಂತ ನೋಡಿಕೊಂಡು ತುಳಿಯುತ್ತಿದ್ದೆ, ವಯಸ್ಸಾಯಿತು ಅಂದುಕೊಂಡೆ — ಆಮೇಲೆ ಆ ದಿನ ಟಕ್ ಅಂತ ಸೂಜಿ ಮುರಿಯಿತು, ಮುರಿದ ಚೂರೆಲ್ಲ ಜೋಡಿಸಿ ತೋರಿಸಿದರೇ ಹೊಸ ಸೂಜಿ, ಮೊನೆ ಸಿಗಲಿಲ್ಲ, ಮಕ್ಕಳ ಅಂಗಿ ಕಣಮ್ಮ, ಕೊಂಡವರ ಮಗುವಿಗೆ ಚುಚ್ಚಿದರೆ ನಮ್ಮ ಗತಿಯೇನು ಅಂತ ಸೂಪರ್‌ವೈಸರು ಆಯಸ್ಕಾಂತ ತಂದ, ಅಂಗಿಗಳ ಮೇಲೆ, ಕಾಲರಿನೊಳಗೆ, ನನ್ನ ಮಡಿಲಲ್ಲಿ, ಜಡೆಯಲ್ಲಿ, ಎಲ್ಲ ಕಡೆ ಆಡಿಸಿದ, ಸಿಗಲಿಲ್ಲ, ಆ ಕಟ್ಟಿನ ಅಂಗಿಗಳನ್ನೆಲ್ಲ ಎತ್ತಿ ಬೇರೆ ಇಟ್ಟರು, ನನ್ನನ್ನು ವಾಪಸ್ ಕೂರಿಸಿದರು.

ಅಮ್ಮಾ, ನೀನು ನಡೆದಲ್ಲೆಲ್ಲ ಒಂದೇ ಕಾಲಿನ ಹೆಜ್ಜೆ ಒದ್ದೆ ಯಾಕೆ ಅಂತ ನೆಲ ಒರೆಸುತ್ತಿದ್ದ ಮಗಳು ಕೇಳಿ, ಹೆಬ್ಬೆರಳ ಬುಡದಲ್ಲಿ ಒಸರುವ ಕೀವು ಕಾಣದಿದ್ದರೆ ಇವತ್ತೂ ಪೆಡಲು ತುಳಿಯುತ್ತಲೇ ಇರುತ್ತಿದ್ದೆ, ಈಗ ಇಲ್ಲಿ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದೇನೆ, ಕಣ್ಣು ಮುಚ್ಚಿ, ಈ ದಾರ ಪಾದಕ್ಕೆ ತಾಗಿದಾಗೆಲ್ಲ ಹೂಂ ಅನ್ನಿ ಅಂತ ಡಾಕ್ಟರು, ಮುಚ್ಚಿದೆ, ಕಾಯುತ್ತಿದ್ದೇನೆ, ಎಲ್ಲೋ ಬಾಗಿಲು ಕಿರ್ರೆನ್ನುತ್ತದೆ, ಇನ್ನೂ ಕಾಯುತ್ತಿದ್ದೇನೆ, ಶುರು ಮಾಡಿ ಡಾಕ್ಟ್ರೇ, ಮುಗೀತಮ್ಮ. ಉರಿ ನಿಂತಿದ್ದು ವಾಸಿಯಾಗಿ ಅಲ್ಲ, ನರ ಸತ್ತು ಅನ್ನುತ್ತಾರೆ, ಇಷ್ಟೂ ತಿಳಿಯೋದಿಲ್ವೇನಮ್ಮ ಅನ್ನುತ್ತಾರೆ, ತಿಳಿಯಲಿಲ್ಲ ಸ್ವಾಮಿ, ಉರಿಯುತ್ತದೆ ಅಂತ ಹೇಳಿದವರು ಉರಿ ಸಾಯುತ್ತದೆ ಅನ್ನುವುದನ್ನು ಹೇಳುವಷ್ಟರಲ್ಲಿ ಮುಂದಿನವರು ಬನ್ನಿ ಅಂದುಬಿಟ್ಟಿದ್ದರು, ಅರ್ಧ ಮಾತು ಕೇಳಿಸಿಕೊಂಡೆ, ಅರ್ಧ ಮಾತ್ರೆ ನುಂಗಿದೆ, ಬಾಯಲ್ಲಿ ಇದೇನೂ ಬರಲಿಲ್ಲ, ಬೆರಳು ಉಳಿಯುತ್ತಾ ಅಂತ ಮಾತ್ರ ಕೇಳಿದೆ, ಬೆರಳು ಹೋದರೆ ಪೆಡಲು ಹೋಯಿತು, ನೋಡೋಣ ಅಂದರು, ಹೆಬ್ಬೆರಳ ಬುಡದೊಳಕ್ಕೆ ಇಕ್ಕಳ ಹೋಗುತ್ತಿದೆ, ಯಾರದೋ ಕಾಲು ನೋಡುವ ಹಾಗೆ ನೋಡುತ್ತಿದ್ದೇನೆ — ಟಿಣ್ — ತಟ್ಟೆಯಲ್ಲಿ ಸೂಜಿಯ ಮೊನೆ, ಅದೇ, ಮಕ್ಕಳ ಅಂಗಿಗೆ ಏನೂ ಆಗಿಲ್ಲ, ಆಯಸ್ಕಾಂತ ಜಡೆಯವರೆಗೂ ಬಂದಿತ್ತು, ಬಗ್ಗಿ ಹೊಲಿಗೆ ಮೇಜಿನ ಕೆಳಗೆ ಒಂದು ಸಲ ಆಡಿಸಿದ್ದರೆ, ಒಂದೇ ಸಲ, ನೋವಾಯಿತೇನಮ್ಮ, ಇಲ್ಲ, ಇಷ್ಟೇ ಇಷ್ಟು ಮೊನೆ, ಇನ್ನೂ ಹೊಳೆಯುವ ಮೊನೆ