ಹುಡುಗಿಯರ ಸಾಲಿನ ಮೂರನೇ ಬೆಂಚು

ಹೆಡ್ಮಾಸ್ಟರ್ ರಾಮಲಿಂಗಯ್ಯ ಬೆತ್ತ ಮುಟ್ಟುವವರಲ್ಲ. ಹಿಂದೂಪುರದ ಅಂಚಿನ ಆ ಕನ್ನಡ ಮೀಡಿಯಂ ಶಾಲೆಯಲ್ಲಿ ಹೋಂವರ್ಕ್ ಮಾಡದ ಹುಡುಗನಿಗೆ ಒಂದೇ ಶಿಕ್ಷೆ: ಹುಡುಗಿಯರ ಸಾಲಿನ ಮೂರನೇ ಬೆಂಚಿನಲ್ಲಿ ಒಂದು ಪೀರಿಯಡ್ ಕೂರುವುದು. ಕ್ಲಾಸು ಹೋ ಎಂದು ನಗುತ್ತಿತ್ತು. ಮಾರನೆಯ ದಿನ ಹೋಂವರ್ಕ್ ಬರುತ್ತಿತ್ತು. ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬರುವ ಇಂದ್ರಾಣಿ ಮೇಡಂ ಕೂಡ ಮೂರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು. ಹೊಡೆಯುವುದಕ್ಕಿಂತ ವಾಸಿ ಎಂದುಕೊಂಡಿದ್ದರು.

ಹಾಗಾಗಿ ತಾವು ಮಾಡಿದ ಎಡವಟ್ಟು ಮೂರು ದಿನವಾದರೂ ಅವರಿಗೆ ಹೊಳೆದಿರಲಿಲ್ಲ.

ಕೇಶವ ಜೂನ್‌ನಲ್ಲಿ ಕಲ್ಯಾಣದುರ್ಗದಿಂದ ಬಂದು ಒಂಬತ್ತನೇ ಕ್ಲಾಸಿಗೆ ಸೇರಿದ್ದ. ಅಲ್ಲಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ಜೊತೆಯ ಹುಡುಗನೊಬ್ಬನೆಂದರೆ ತನಗೆ ಇಷ್ಟ ಎಂದು ಬರೆದುಕೊಂಡಿದ್ದ. ಯಾರೋ ಅದರ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕಿದರು. ಅಪ್ಪ ಜಯರಾಮಪ್ಪ ಮಗನನ್ನು ತಂದು ತಂಗಿ ನರಸಕ್ಕನ ಮನೆಯಲ್ಲಿ ಬಿಟ್ಟ. ದಸರಾ ರಜೆ ಮುಗಿಯುವ ಹೊತ್ತಿಗೆ ಫೋಟೋ ಹಿಂದೂಪುರಕ್ಕೂ ಬಂತು. ಹಿಂದಿನ ಬೆಂಚಿನವರು ಚಿವುಟಿದರು, ಶರ್ಟಿಗೆ ಇಂಕು ಚೆಲ್ಲಿದರು. ಹಾಜರಿಯಲ್ಲಿ ಅವನ ಹೆಸರು ಬಂದರೆ ಸಾಕು, ತೆಲುಗಿನಲ್ಲಿ 'ಆಡಂಗಿ' ಎನ್ನುವರು. ಹೆಣ್ಣಿಗ ಎಂದು.

ಮಂಗಳವಾರ ಇಂದ್ರಾಣಿ ಅವನ ಬ್ಯಾಗನ್ನು ತಾವೇ ಎತ್ತಿ ತಂದು, ಅವನನ್ನು ಹುಡುಗಿಯರ ಮೂರನೇ ಬೆಂಚಿನ ತುದಿಯಲ್ಲಿ, ಕೀರ್ತನಾಳ ಪಕ್ಕ ಕೂರಿಸಿದರು. "ಇಲ್ಲಿ ನಿನ್ನ ಯಾರೂ ಮುಟ್ಟಲ್ಲ," ಎಂದರು. ಬುಧವಾರದಿಂದ ಕೇಶವ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ನರಸಕ್ಕ ಹುಡುಗನನ್ನು ಕರೆದುಕೊಂಡು ಟೀಸಿ ಕೇಳಲು ಬಂದಳು.

"ಏನ್ ತಪ್ ಮಾಡ್ದ ಅಂತ ಇವನ್ನ ಹುಡ್ಗೀರ್ ಬೆಂಚಿಗೆ ಹಾಕಿದ್ರಿ ಮೇಡಂ? ಹೋಂವರ್ಕ್ ಮಾಡಿರ್ಲಿಲ್ವಾ?"

ಮಂಗಳವಾರ ತಾವು ಮಾಡಿದ್ದೇನೆಂದು ಇಂದ್ರಾಣಿಗೆ ಆಗ ಹೊಳೆಯಿತು.

"ನಮ್ಮಣ್ಣ ಟೀಸಿ ಈಸ್ಕಂಡ್ ಬಾ ಅಂದವ್ನೆ. ಕಲ್ಯಾಣದುರ್ಗದ್ ತಾವ ಬೆಳುಗುಪ್ಪದಾಗೆ ಗ್ಯಾರೇಜಿಗೆ ಸೇರಿಸ್ತಾನಂತೆ. ಓದಿದ್ದು ಸಾಕಂತೆ."

"ಇವತ್ತೊಂದು ದಿನ ಬಿಡಮ್ಮ. ಒಂದೇ ದಿನ."

ನರಸಕ್ಕ ಕೇಶವನ ಮುಖ ನೋಡಿದಳು. ಅವನು ಹೂಂ ಎಂದ. "ಸರಿ, ಗೇಟ್ ತಾವ ಕೂತಿರ್ತೀನಿ ಕಣಪ್ಪ," ಎಂದಳು.

ಇಂದ್ರಾಣಿ ಅವನನ್ನು ಹುಡುಗರ ಮೊದಲನೇ ಬೆಂಚಿಗೆ ಕೂರಿಸಿ ಕ್ಲಾಸಿಗೆ ಹೇಳಿದರು: "ಮಂಗಳವಾರ ನಾನು ಮಾಡಿದ್ದು ತಪ್ಪು. ತಪ್ಪು ಮಾಡಿದ್ದು ಚಿವುಟಿದವರು, ಜಾಗ ಬಿಡಿಸಿದ್ದು ಇವನನ್ನ. ಒಬ್ಬ ಹುಡುಗನಿಗೆ ಇನ್ನೊಬ್ಬ ಹುಡುಗ ಇಷ್ಟವಾದರೆ ಅದು ತಪ್ಪಲ್ಲ. ಇನ್ನು ನನ್ನ ಕ್ಲಾಸಲ್ಲಿ ಹುಡುಗಿಯರ ಬೆಂಚು ಯಾರಿಗೂ ಶಿಕ್ಷೆ ಅಲ್ಲ."

"ನಾವ್ ಕೂತ್ರೆ ಬೆಂಚು, ಅವ್ರ್ ಕೂತ್ರೆ ಶಿಕ್ಷೆ. ಅದೆಂಗೆ ಮೇಡಂ?" ಎಂದಳು ಕೀರ್ತನಾ. ಇದನ್ನು ಕೇಳಲು ಅವಳು ಬಹಳ ದಿನದಿಂದ ಕಾದಿದ್ದಂತಿತ್ತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ತಿಪ್ಪೇಸ್ವಾಮಿ ಕೂಗಿದ. "ಅಂಗಾರೆ ಇವನ್ ಪಕ್ಕ ಯಾರ್ ಕೂಕಂತಾರೆ ಮೇಡಂ? ಅದೂ ಶಿಕ್ಷೇನೇ!"

ಕ್ಲಾಸು ನಕ್ಕಿತು. ವರಾಂಡದಲ್ಲಿ ಹೋಗುತ್ತಿದ್ದ ರಾಮಲಿಂಗಯ್ಯ ಒಳಗೆ ಬಂದರು. ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು, ಅದೂ ಕೇಶವನ ಪರವಾಗಿಯೇ.

"ಏಯ್ ತಿಪ್ಪೇಸ್ವಾಮಿ, ಎದ್ದೇಳ್ಲಾ. ಪಾಪದ ಹುಡ್ಗನ್ನ ಆಡ್ಕಂತೀಯಾ? ನಡಿ ಹುಡ್ಗೀರ್ ಬೆಂಚಿಗೆ. ಒಂದ್ ವಾರ ಅಲ್ಲೇ ಕೂತ್ಕ. ನೀನೂ ಇವನಂಗೇ ಆಗು, ಆಗ ಗೊತ್ತಾಯ್ತದೆ."

"ಸಾರ್, ಅದು ಬೇಡ," ಎಂದರು ಇಂದ್ರಾಣಿ.

"ನಾನು ನಿಮ್ ಕಡೇನೇ ಮಾತಾಡ್ತಿರೋದು ಮೇಡಂ!"

ಕೇಶವ ಎದ್ದು ನಿಂತ. "ಇವನಂಗೆ ಅಂದ್ರೆ ಹೆಂಗೆ ಸಾರ್?"

ಯಾರೂ ನಗಲಿಲ್ಲ. ರಾಮಲಿಂಗಯ್ಯನವರ ಮುಖ ಕೆಂಪಾಯಿತು. "ನಿನ್ ಪರವಾಗಿ ಮಾತಾಡಿದ್ರೆ ನಂಗೇ ಎದುರು ಮಾತಾಡ್ತೀಯಾ? ನಡಿ, ನೀನೂ ಹೋಗು ಆ..."

ಅವರ ಕೈ ಮೂರನೇ ಬೆಂಚಿನ ಕಡೆಗೆ ಚಾಚಿ ಅಲ್ಲೇ ನಿಂತಿತು. ಕೇಶವ ಆ ಕೈಯನ್ನು ನೋಡಿದ. ಬ್ಯಾಗಿನ ಜಿಪ್ ಎಳೆದುಕೊಂಡು ಹೊರಗೆ ನಡೆದ.

ಇಂದ್ರಾಣಿ ಗೇಟಿನವರೆಗೂ ಓಡಿದರು. "ಸೋಮವಾರ ಬಾ. ನಾನು ಸಾರ್ ಹತ್ರ ಮಾತಾಡ್ತೀನಿ."

"ನೀವ್ ಒಳ್ಳೇವ್ರೇ ಮೇಡಂ," ಎಂದ ಕೇಶವ. "ಸಾರೂ ಒಳ್ಳೇವ್ರೇ. ಟೀಸಿ ಕೊಡ್ಸಿ."

ಮಧ್ಯಾಹ್ನ ಟೀಸಿ ಬರೆದವರು ಇಂದ್ರಾಣಿಯೇ. ಶಾಲೆ ಬಿಡಲು ಕಾರಣ ಎಂಬಲ್ಲಿ ಪೆನ್ನು ನಿಂತಿತು. "ಪೋಷಕರ ಕೋರಿಕೆ ಅಂತ ಹಾಕಿ," ಎಂದರು ರಾಮಲಿಂಗಯ್ಯ. ಇಂದ್ರಾಣಿ ಹಾಗೇ ಬರೆದರು. ಅತ್ತೆ ಅಳಿಯ ಕಲ್ಯಾಣದುರ್ಗದ ಬಸ್ಸಿಗೆ ಹೊರಟರು.

ಕೊನೆಯ ಪೀರಿಯಡ್ಡಿನಲ್ಲಿ ಪಕ್ಕದ ಎಂಟನೇ ಕ್ಲಾಸಿನಿಂದ ಅದೇ ಹೋ ಎನ್ನುವ ನಗು ಕೇಳಿಸಿತು. ಇಂದ್ರಾಣಿ ಚಾಕ್‌ಪೀಸನ್ನು ಮೇಜಿನ ಮೇಲೆಸೆದು ಅಲ್ಲಿಗೆ ಹೋದರು. ಹುಡುಗನೊಬ್ಬ ಹುಡುಗಿಯರ ನಡುವೆ ತಲೆ ತಗ್ಗಿಸಿ ಕೂತಿದ್ದ.

"ಅವನನ್ನ ಅವನ ಜಾಗಕ್ಕೆ ಕಳಿಸಿ ಸಾರ್."

ಲೆಕ್ಕದ ಮೇಷ್ಟ್ರು ಪೋತಪ್ಪ ಬೋರ್ಡಿನಿಂದ ತಿರುಗಿ ಅವರನ್ನೇ ನೋಡಿದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ.

"ಹೋಂವರ್ಕ್ ಮಾಡಿಲ್ಲ ಮೇಡಂ," ಎಂದರು.