ತಲೆಗೆರೆ

"ಮಾವ, ಆ ಸುರುಳಿ ಎತ್ತು!"

ಪುಷ್ಪಾ ಚಟ್ಟದ ಬಿದಿರು ಹಿಡಿದುಕೊಂಡಳು. ಅಪ್ಪ ಚಿನ್ನಪ್ಪನ ತೋಳಿನ ಸಂದಿಗೆ ಸೋದರಮಾವ ವಿಶ್ವನಾಥನ್ ಆಗಷ್ಟೇ ಕಾಗದದ ಸುರುಳಿಯೊಂದನ್ನು ಸಿಕ್ಕಿಸಿದ್ದ. ದುಡಿದ ಕೈಯ ಸಾಮಾನು ಹೆಣದ ಜೊತೆ ಬೆಂಕಿಗೆ ಹೋಗಬೇಕು. ಸೇಲಂ ಬಳಿಯ ಮೇಚೇರಿಯ ಆ ಮನೆಯ ಪದ್ಧತಿ ಅದು.

"ಎಣದ ಮ್ಯಾಲಿಟ್ಟಿದ್ದ ಎತ್ತಬಾರ್ದು ಕಣಮ್ಮ, ದೋಷ."

"ಅದು ಕಡೇ ಹಾಳೆ. ಇನ್ನೂ ಸ್ಕ್ಯಾನ್ ಮಾಡಿಲ್ಲ. ಅದಿಲ್ದಿದ್ರೆ ಆರು ವರ್ಷದ ಕೆಲಸ ಮುಗಿಯಾಕಿಲ್ಲ ಮಾವ."

"ನಮ್ಮೂರಾಗೆ ಯಾರಮ್ಮ ಓದ್ತಾರೆ ಆ ಬರವಣಿಗೆಯ? ನೇರಮಾಚ್ಚು, ಒತ್ತಾಯ್ತು, ಎತ್ರಪ್ಪಾ!"

ನಾಲ್ವರು ಬಗ್ಗಿ ಕೈ ಹಾಕಿದರು.

*

ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆಯ ಅಚ್ಚು ಕೊರೆಯುತ್ತಿದ್ದ ಚಿನ್ನಪ್ಪನಿಗೆ ಟಿಬೆಟನ್ ಅಕ್ಷರ ಗಂಟುಬಿದ್ದದ್ದು ಒಡೆಯರಪಾಳ್ಯದ ಟಿಬೆಟನ್ನರ ಊರಿನಲ್ಲಿ. ಅಲ್ಲಿನ ಮೇಷ್ಟರೊಬ್ಬರು ಮೊಬೈಲ್ ತೋರಿಸಿದ್ದರು. ಆ ಲಿಪಿಯಲ್ಲಿ ಅಕ್ಷರಗಳ ತಲೆ ಮೇಲಿನ ಒಂದೇ ಗೆರೆಗಿರುತ್ತದೆ, ಅಕ್ಷರದ ಕೆಳಗೆ ಅಕ್ಷರ ಇಳಿಯುತ್ತದೆ. ಒಮ್ಮೊಮ್ಮೆ ಮೂರು, ಅದರಡಿ ಕೊಂಬು. ಪುಟ್ಟ ಪರದೆಯಲ್ಲಿ ತಳದ್ದು ಮುಂದಿನ ಸಾಲಿಗೆ ಸಿಕ್ಕಿ ಕತ್ತರಿಸಿಹೋಗುತ್ತಿತ್ತು.

"ಮಕ್ಕಳು ಅರ್ಧ ಓದಿ, ಅರ್ಧ ಊಹಿಸ್ತಾರೆ," ಎಂದಿದ್ದರು.

ಅಂದಿನಿಂದ ಅಪ್ಪ ಪುಟ್ಟ ಪರದೆಗೆ ಹೊಂದುವಂತೆ ಆ ಅಕ್ಷರಗಳನ್ನು ಹೊಸದಾಗಿ ಬರೆದ, ಮಗಳು ಕಂಪ್ಯೂಟರಿಗೆ ಇಳಿಸಿದಳು. ಕೊನೆಗೆ ಒಂದರಡಿ ಒಂದು ಇಳಿದ ಅಕ್ಷರಗಳ ಒಂದೇ ಒಂದು ಗೊಂಚಲು ಉಳಿದಿತ್ತು. ಎಷ್ಟು ತಿದ್ದಿದರೂ ಸಾಲಿನೊಳಗೆ ಕೂರದು.

"ಮೇಲಿನೋನ ಅಲ್ಲಾಡಿಸಬ್ಯಾಡ ಪುಷ್ಪಾ. ಅವನ ತಲೆ ಗೆರೆಗೇ ಇರ್ಲಿ. ಕೆಳಗಿನೋರು ಬಗ್ಗಲಿ," ಎನ್ನುತ್ತಿದ್ದ ಅಪ್ಪ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಹಾಳೆ ಸುತ್ತಿಟ್ಟು, "ಆಯ್ತು, ಬಂದು ತೋರಿಸ್ತೀನಿ," ಎಂದಿದ್ದ.

*

ಚಟ್ಟ ನೆಲ ಬಿಟ್ಟಿತು. ಪುಷ್ಪಾ ಬಿದಿರು ಬಿಡಲಿಲ್ಲ.

ತಾಯಿ ಸಿದ್ದಲಕ್ಷ್ಮಮ್ಮ ಎದ್ದು ಬಂದಳು. ಗಂಡನ ತೋಳಿನಡಿಯಿಂದ ಸುರುಳಿಯನ್ನು ಎಳೆದಳು. ಸೆರಗಿನ ಗಂಟು ಬಿಚ್ಚಿ, ಅವನು ಬರೆದು ಬರೆದು ಸವೆದು ಬೆರಳುದ್ದವಾಗಿದ್ದ ಕೆಂಪು ಪೆನ್ಸಿಲನ್ನು ಆ ಜಾಗಕ್ಕಿಟ್ಟಳು.

"ಅಕ್ಕಾ, ದೋಷ..."

"ಸಾಮಾನು ತಾನೆ ಓಗ್ಬೇಕು? ಓಗ್ತೈತೆ. ಕೆಲಸ ಯಾಕ್ಲಾ ಸುಡ್ತೀಯ? ನಡಿ."

ಪುಷ್ಪಾ ಗೋಡೆಗೊರಗಿ ಹಾಳೆ ಬಿಡಿಸಿದಳು. ಮೇಲಿನ ಅಕ್ಷರ ತಲೆಗೆರೆಗೆ ಅಂಟಿ ನಿಂತಿತ್ತು. ಕೆಳಗಿನವು ಕಾಲು ಮಡಚಿ ಅಗಲವಾಗಿ ಕೂತಿದ್ದವು. ಕೊಂಬು ಕೆಳಗಿನ ಸಾಲಿಗೆ ತಾಗಿರಲಿಲ್ಲ, ಕೂದಲೆಳೆಯಷ್ಟು ಜಾಗ ಬಿಟ್ಟಿತ್ತು.

ತಲೆಯೆತ್ತಿದಳು. ಬಾಗಿಲ ಮುಂದಿನ ತಗಡಿನ ಚಪ್ಪರ ತಗ್ಗು. ನಾಲ್ವರೂ ಮಂಡಿ ಮಡಚಿ, ಅಪ್ಪನನ್ನು ಒಂದಿಷ್ಟೂ ಅಲುಗಿಸದೆ, ಅದರಡಿ ದಾಟಿಸುತ್ತಿದ್ದರು.